ಕೊಪ್ಪರಿಗೆಗೆ ಹಾಕಿದ ಪುಡಿ ಎಲ್ಲಿ ಹೋಯ್ತು

ನಿಮ್ಮ ಮನೆಯಲ್ಲೂ ಹೀಗಾಗಿದೆಯಾ, ಹೇಳಿ. ಮಗು ಶಾಲೆಯಿಂದ ಬರುತ್ತದೆ, ಬ್ಯಾಗು ಮೂಲೆಗೆ ಎಸೆಯುತ್ತದೆ, ಒಂದು ಪ್ರಶ್ನೆ ಕೇಳುತ್ತದೆ. ಪಾಠದ ಪ್ರಶ್ನೆಯೇ, ತಲೆಹರಟೆ ಏನಲ್ಲ. ಆದರೆ ಅದಕ್ಕೆ ಸರಿಯಾದ ಉತ್ತರ ಕೊಟ್ಟರೆ ನಿಮ್ಮ ಮನೆಯ ಗುಟ್ಟು ಒಂದು ಹೊರಗೆ ಬೀಳುತ್ತದೆ. ಸುಳ್ಳು ಉತ್ತರ ಕೊಟ್ಟರೆ ಅದು ಸುಳ್ಳು ಅಂತ ಮಗುವಿಗೆ ಗೊತ್ತಾಗುತ್ತದೆ. ಆಗ ಏನು ಮಾಡಿದ್ರಿ? ಮಗುವಿಗೆ ಬೈದ್ರಾ, ಹೇಳಿಕೊಟ್ಟ ಮೇಷ್ಟ್ರಿಗೆ ಬೈದ್ರಾ?

ನಮ್ಮ ಕಡೆ ಮೇಷ್ಟ್ರಿಗೇ ಬಯ್ಯೋದು ವಾಡಿಕೆ. ಅದು ಸುಲಭ.

ಇದು ಈಗ ಯಾಕೆ ನೆನಪಾಯಿತು ಅಂದರೆ, ಹೋದ ವಾರ ನಮ್ಮ ಹಳೇ ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಒಂದು ಸುದ್ದಿ ಬಂತು. ನನ್ನ ಜೊತೆ ಕೆಲಸ ಮಾಡುತ್ತಿದ್ದ ವಿಜ್ಞಾನದ ಮಿಸ್ಸು ತೀರಿಕೊಂಡರು ಅಂತ. ಕೆಳಗೆ ಕೈ ಮುಗಿದ ಚಿತ್ರಗಳ ಮೆರವಣಿಗೆ. ಒಬ್ಬರು 'ಆದರ್ಶ ಶಿಕ್ಷಕಿ' ಅಂದರು. ಇನ್ನೊಬ್ಬರು 'ಸದಾ ಹಸನ್ಮುಖಿ' ಅಂದರು. ನನಗೆ ಸಿಟ್ಟು ಬಂತು. ಹಸನ್ಮುಖಿಯಂತೆ. ಆಯಮ್ಮನ ಮುಂದೆ ಯಾರಾದರೂ ತಮಾಷೆ ಹೇಳಿದರೆ, ಎಲ್ಲರೂ ನಕ್ಕು ಮುಗಿಸಿದ ಮೇಲೆ "ಅದು ಹೇಗೆ ಸಾಧ್ಯ?" ಅಂತ ಕೇಳುತ್ತಿದ್ದರು. ಸತ್ತವರನ್ನು ಹೊಗಳಿ, ಬೇಡ ಅನ್ನಲ್ಲ. ಆದರೆ ಸತ್ತವರನ್ನೇ ಹೊಗಳಿ, ಬೇರೆ ಯಾರನ್ನೋ ಅಲ್ಲ.

ಅವರ ಹೆಸರು ಬರೆಯುವುದಿಲ್ಲ. ಊರಿನ ಹೆಸರೂ ಬೇಡ, ಆ ಊರಿನ ಜನ ಇದನ್ನು ಓದುತ್ತಾರೆ. ಮದ್ದೂರಿನಿಂದ ಮಳವಳ್ಳಿ ಕಡೆಗೆ ಹೋಗುವ ದಾರಿಯಲ್ಲಿ ಒಂದು ಊರು, ಅಲ್ಲೊಂದು ಸರ್ಕಾರಿ ಪ್ರಾಥಮಿಕ ಶಾಲೆ ಅಂತ ಇಟ್ಟುಕೊಳ್ಳಿ. ನಾನು ಅಲ್ಲಿ ಕನ್ನಡ ಹೇಳಿಕೊಡುತ್ತಿದ್ದವಳು. ಇಬ್ಬರೂ ಮಂಡ್ಯದಿಂದ ಹೋಗಿ ಬರುತ್ತಿದ್ದೆವು. ಅವರ ಮನೆ ಗುತ್ತಲಿನಲ್ಲಿ. ಅವರ ಯಜಮಾನರಿಗೆ ಲಕ್ವ ಹೊಡೆದು ಒಂದು ಕಡೆ ಕೈಕಾಲು ಬಿದ್ದುಹೋಗಿತ್ತು. ಬೆಳಗ್ಗೆ ಅವರಿಗೆ ತಿಂಡಿ ತಿನ್ನಿಸಿ, ಮಧ್ಯಾಹ್ನಕ್ಕೆ ಪಕ್ಕದ ಮನೆಯಾಕೆಗೆ ಹೇಳಿ, ಬಸ್ಸು ಹತ್ತುತ್ತಿದ್ದರು. ಸಂಜೆ ಮದ್ದೂರಿನಲ್ಲಿ ಬಸ್ಸು ಬದಲಾಯಿಸುವಾಗ ನಾನು ಒಂದು ವಡೆ ತಿನ್ನೋಣ ಬನ್ನಿ ಅಂದರೆ ಒಂದು ದಿನವೂ ಬರಲಿಲ್ಲ. "ನೀವು ತಿನ್ನಿ, ನಾನು ಈ ಬಸ್ಸಿಗೇ ಹೋಗಬೇಕು" ಅನ್ನುತ್ತಿದ್ದರು. ಇದನ್ನು ಮರೆಯಬೇಡಿ. ಮುಂದೆ ಅವರಿಗೆ ಏನಾಯಿತು ಅನ್ನುವುದಕ್ಕೆ ಈ ಮಲಗಿದ ಗಂಡ ಮುಖ್ಯ.

ಅವರ ವ್ಯಾನಿಟಿ ಬ್ಯಾಗಿನಲ್ಲಿ ಬಾಚಣಿಗೆ ಇರಲಿಲ್ಲ. ಬಲೂನು, ಕರ್ಪೂರ, ಮೇಣದ ಬತ್ತಿ, ಸೂಜಿ ಕಿತ್ತ ಇಂಜೆಕ್ಷನ್ ಸಿರಿಂಜು, ಕೊಬ್ಬರಿ ಎಣ್ಣೆಯ ಚಿಕ್ಕ ಬಾಟಲಿ ಇರುತ್ತಿದ್ದವು. ಚಳಿಗಾಲದಲ್ಲಿ ಎಣ್ಣೆ ಗಟ್ಟಿಯಾದ ದಿನ ಅವರಿಗೆ ಹಬ್ಬ. ತರಗತಿಯಲ್ಲಿ ಮುಖ ಊದಿಸಿಕೊಂಡು ಕೂತ ಹುಡುಗ ಯಾರು ಅಂತ ನೋಡಿ ಅವನ ಕಂಕುಳಿಗೆ ಆ ಬಾಟಲಿ ಸಿಗಿಸುತ್ತಿದ್ದರು. "ಬಿಡಬೇಡ, ಹಿಡ್ಕೊಂಡಿರು." ಪಾಠ ಮುಗಿಯುವ ಹೊತ್ತಿಗೆ ಎಣ್ಣೆಯೂ ಕರಗಿರುತ್ತಿತ್ತು, ಹುಡುಗನೂ ಎಲ್ಲರಿಗೂ ತೋರಿಸುತ್ತಾ ಓಡಾಡುತ್ತಿದ್ದ. "ನನ್ ಬಿಸಿಗೇ ಕರಗಿದ್ದು ಕಣ್ರಲಾ." ಸಿರಿಂಜಿನ ಬಾಯಿಗೆ ಬೆರಳು ಒತ್ತಿ ಹಿಡಿದು ಒಳಗಿನ ಗಾಳಿಯನ್ನು ಅದುಮಿಸುತ್ತಿದ್ದರು, ಆಮೇಲೆ ನೀರು ತುಂಬಿಸಿ ಅದನ್ನು ಅದುಮಿ ನೋಡಿ ಅನ್ನುತ್ತಿದ್ದರು. ಗಾಳಿ ಕುಗ್ಗುತ್ತದೆ, ನೀರು ಜಗ್ಗುವುದಿಲ್ಲ. ನಾನು ಬಿ.ಎ. ಓದಿದವಳು, ನನಗೂ ಅದು ಕೈಗೆ ಸಿಕ್ಕಿದ್ದು ಅಲ್ಲೇ.

ಘನ, ದ್ರವ, ಅನಿಲ ಹೇಳಿಕೊಡುವುದಕ್ಕೆ ಮಕ್ಕಳನ್ನು ಮೈದಾನಕ್ಕೆ ಬಿಡುತ್ತಿದ್ದರು. ಘನ ಅಂದರೆ ಎಲ್ಲರೂ ಒಬ್ಬರಿಗೊಬ್ಬರು ಒತ್ತಿಕೊಂಡು ಕೈ ಹಿಡಿದು ನಿಲ್ಲಬೇಕು, ನಿಂತಲ್ಲೇ ಸ್ವಲ್ಪ ಅಲ್ಲಾಡಬಹುದು. ದ್ರವ ಅಂದರೆ ಕೈ ಬಿಟ್ಟು ಒಬ್ಬರ ಸುತ್ತ ಒಬ್ಬರು ಸರಿದಾಡಬೇಕು, ಗುಂಪು ಬಿಡುವಂತಿಲ್ಲ. ಅನಿಲ ಅಂದರೆ ಓಟ. ಒಂದು ದಿನ ಅನಿಲ ಆದ ಮಕ್ಕಳಲ್ಲಿ ಒಬ್ಬ ವಾಪಸ್ಸು ಬರಲೇ ಇಲ್ಲ. ಹೆಡ್‌ಮೇಷ್ಟ್ರು ಬೆವೆತುಹೋದರು. ಹುಡುಕಿದರೆ ಅವನು ಮನೆಯಲ್ಲಿ ಮುದ್ದೆ ಉಣ್ಣುತ್ತಿದ್ದಾನೆ.

"ಯಾಕ್ಲಾ ಓಡ್ಬಂದೆ?" ಅಂದರೆ, "ಗ್ಯಾಸು ಸಾ. ತಡ್ದೋರಿಲ್ಲ, ಬಂದ್ಬುಟ್ಟೆ" ಅಂದ.

ಹೆಡ್‌ಮೇಷ್ಟ್ರು ಮಿಸ್ಸಿನ ಮೇಲೆ ರೇಗಿದರು. ಇವರು ತಣ್ಣಗೆ, "ಅವನಿಗೆ ಪಾಠ ಅರ್ಥ ಆಗಿದೆ ಸರ್. ಗೇಟು ಮುಚ್ಚಿದ್ದರೆ ಆಗ್ತಿತ್ತು, ಅದು ನಮ್ಮ ತಪ್ಪು" ಅಂದರು.

ಇನ್ನೊಂದು ದಿನ ಐದನೇ ತರಗತಿಯಲ್ಲಿ ರಾಗಿ ಹಿಟ್ಟಿನ ಜಗಳ. ಒಬ್ಬ ಹುಡುಗ ಎದ್ದು, ಹಿಟ್ಟು ಡಬ್ಬಕ್ಕೆ ಹಾಕಿದರೆ ಡಬ್ಬದ ಹಂಗೆ, ಚೀಲಕ್ಕೆ ಹಾಕಿದರೆ ಚೀಲದ ಹಂಗೆ, ಅಂದಮೇಲೆ ಹಿಟ್ಟು ದ್ರವ ಅಂದ. ನಾನಾಗಿದ್ದರೆ ಕೂತ್ಕೊಳೋ ಅನ್ನುತ್ತಿದ್ದೆ. ಅವರು ಬಿಸಿಯೂಟದ ಕೋಣೆಯಿಂದ ಹಿಟ್ಟು ತರಿಸಿ, ನೆಲಕ್ಕೆ ಹಾಳೆ ಹಾಸಿ ಸುರಿಸಿದರು. ಹಿಟ್ಟು ಗುಡ್ಡೆಯಾಯಿತು. ಪಕ್ಕದಲ್ಲಿ ನೀರು ಸುರಿಸಿದರು. ನೀರು ಗುಡ್ಡೆಯಾಗಲಿಲ್ಲ. ಒಂದು ಚಿಟಿಕೆ ಹಿಟ್ಟು ಅವನ ಅಂಗೈಗೆ ಹಾಕಿ ಒಂದೇ ಒಂದು ಕಣ ತೋರಿಸು ಅಂದರು. ಅವನು ಉಗುರಿನ ತುದಿಯಲ್ಲಿ ಒಂದು ಕಣ ಹಿಡಿದು ಕಣ್ಣು ಕಿರಿದು ಮಾಡಿಕೊಂಡು ನೋಡಿದ. "ಇದು ಗಟ್ಟಿ ಅದೆ ಮಿಸ್." ಅಷ್ಟೆ. ಒಂದು ಇಡೀ ಮಧ್ಯಾಹ್ನ ಅದಕ್ಕೇ ಹೋಯಿತು. ಅಡುಗೆಯಾಕೆ ನೆಲದ ಹಿಟ್ಟು ನೋಡಿ, "ನೀರ್ನೂವೆ ಇಟ್ನೂವೆ ನೆಲಕ್ ಸುರುದ್ಬುಟ್ಟು ಅದೇನ್ ಕಲೀತವೋ" ಅಂತ ಗೊಣಗುತ್ತಾ ಗುಡಿಸಿದಳು.

ಇಷ್ಟು ಓದಿ ನೀವು 'ಎಂಥಾ ಟೀಚರ್' ಅಂತ ಕರಗಬೇಡಿ. ಜೊತೆಯಲ್ಲಿ ಕೆಲಸ ಮಾಡೋದು ಕಷ್ಟ ಇತ್ತು. ವರದಿ ಯಾವುದೂ ಹೊತ್ತಿಗೆ ಕೊಡುತ್ತಿರಲಿಲ್ಲ, ಮೇಲಿನವರು ಕೇಳಿದಾಗ ಬೈಸಿಕೊಳ್ಳುತ್ತಿದ್ದವರು ಹೆಡ್‌ಮೇಷ್ಟ್ರು. ನನ್ನ ಪಾಠದ ಹೊತ್ತಿಗೆ ಅವರ ಪಾಠ ಮುಗಿದೇ ಇರುತ್ತಿರಲಿಲ್ಲ. ಬಾಗಿಲಲ್ಲಿ ನಿಂತರೆ "ಒಂದೇ ನಿಮಿಷ" ಅನ್ನುತ್ತಿದ್ದರು, ಆ ನಿಮಿಷಕ್ಕೆ ಕೊನೆ ಇರಲಿಲ್ಲ. ಊರಿನವರ ಮುಖ ನೋಡಿ ಮಾತಾಡುವುದು ಗೊತ್ತೇ ಇರಲಿಲ್ಲ. ಯಾರು ಊರಿಗೆ ದೊಡ್ಡವರು, ಯಾರ ಮುಂದೆ ಯಾವ ಮಾತು ನುಂಗಬೇಕು ಅನ್ನೋದು ನಮಗೆ ಹುಟ್ಟಿನಿಂದ ಬಂದಿರುತ್ತದೆ. ಅವರಿಗೆ ಬಂದಿರಲಿಲ್ಲ.

ಈಗ ಅಸಲು ವಿಷಯಕ್ಕೆ ಬರುತ್ತೇನೆ.

ಆ ಊರಲ್ಲಿ ಒಂದು ಆಲೆಮನೆ. ಕಬ್ಬು ಅರೆದು, ಹಾಲು ಕಾಯಿಸಿ, ಬೆಲ್ಲ ಮಾಡುವ ಜಾಗ. ಅದರ ಯಜಮಾನರು ನಮ್ಮ ಶಾಲಾ ಸಮಿತಿಯ ಅಧ್ಯಕ್ಷರೂ ಹೌದು. ಒಳ್ಳೆಯ ಮನುಷ್ಯ, ಇದನ್ನು ವ್ಯಂಗ್ಯವಾಗಿ ಹೇಳುತ್ತಿಲ್ಲ. ಶಾಲೆಗೆ ನೀರಿನ ಟ್ಯಾಂಕು ಕೊಡಿಸಿದ್ದು ಅವರು. ಅವರ ಮಗಳು ಐದನೇ ತರಗತಿ. ಅವಳನ್ನು ಭವ್ಯ ಅಂತ ಕರೆಯೋಣ, ಅದು ಅವಳ ಹೆಸರಲ್ಲ. ಸಣ್ಣ ಹುಡುಗಿ, ಎರಡು ಜಡೆ, ಬಾಯಿ ಮುಚ್ಚುತ್ತಿರಲಿಲ್ಲ. ಮಿಸ್ಸಿಗೆ ಅವಳನ್ನು ಕಂಡರೆ ಅಕ್ಕರೆ.

ಡಿಸೆಂಬರಿನಲ್ಲಿ ಮಿಸ್ಸು ಮಕ್ಕಳನ್ನು ಆಲೆಮನೆಗೆ ಕರೆದುಕೊಂಡು ಹೋದರು. ಜೊತೆಗೆ ನಾನೂ ಹೋದೆ, ಬಿಸಿ ಪಾಕ ಸಿಗುತ್ತದಲ್ಲ. ಯಜಮಾನರು ಖುಷಿಯಾಗಿ ಎಲ್ಲರಿಗೂ ಕಬ್ಬಿನ ಹಾಲು ಕೊಟ್ಟರು. ಮಕ್ಕಳನ್ನು ಹಗ್ಗ ಕಟ್ಟಿ ದೂರದಲ್ಲೇ ನಿಲ್ಲಿಸಿದ್ದರು. ಕೊಪ್ಪರಿಗೆಯಲ್ಲಿ ಹಾಲು ಕುದಿಯುತ್ತಿತ್ತು, ಆವಿ ಮಾಡಿನವರೆಗೆ ಹೋಗುತ್ತಿತ್ತು, ಪಾಕ ಗಟ್ಟಿಯಾಗಿ ಅಚ್ಚಿಗೆ ಬೀಳುತ್ತಿತ್ತು. ಘನ, ದ್ರವ, ಅನಿಲ ಮೂರೂ ಒಂದೇ ಮಾಡಿನ ಕೆಳಗೆ. ಪುಸ್ತಕದಲ್ಲಿ ಮಂಜುಗಡ್ಡೆ ಚಿತ್ರ ಹಾಕುತ್ತಾರೆ. ನಮ್ಮ ಮಕ್ಕಳು ಮಂಜುಗಡ್ಡೆ ನೋಡುವುದು ಐಸ್‌ಕ್ಯಾಂಡಿಯಲ್ಲಿ, ಅದು ಕರಗುವ ಮುಂಚೆ ಹೊಟ್ಟೆ ಸೇರಿರುತ್ತದೆ.

ಅಲ್ಲಿ ಕೆಲಸದವನೊಬ್ಬ ಬಂದು ಕುದಿಯುವ ಪಾಕಕ್ಕೆ ಒಂದು ಡಬ್ಬಿಯಿಂದ ಬಿಳಿ ಪುಡಿ ಉದುರಿಸಿದ. ಘಾಟು ಮೂಗಿಗೆ ಹೊಡೆಯಿತು, ಮಕ್ಕಳು ಕೆಮ್ಮಿದರು. ನೋಡುನೋಡುತ್ತಾ ಕಂದು ಪಾಕ ಹಳದಿಯಾಯಿತು. ನಮ್ಮ ಕಡೆಯವರಿಗೆ ಇದು ಹೊಸದಲ್ಲ. ಬೆಲ್ಲಕ್ಕೆ ಬಣ್ಣ ಬರಲಿ ಅಂತ ಹಾಕುವ ರಾಸಾಯನಿಕ ಪುಡಿ, ಜನ ಬರೀ 'ಪೌಡ್ರು' ಅನ್ನುತ್ತಾರೆ. ಮಿಸ್ಸಿಗೆ ಹೊಸದು. ಅವರು ಡಬ್ಬಿಯನ್ನೇ ನೋಡುತ್ತಿದ್ದರು.

ಮಾರನೆಯ ವಾರ ತರಗತಿಯಲ್ಲಿ ಉಪ್ಪಿನ ಪಾಠ. ಲೋಟದ ನೀರಿಗೆ ಉಪ್ಪು ಹಾಕಿ ಕಲಕಿದರು. ಉಪ್ಪು ಕಾಣಲಿಲ್ಲ. ಎಲ್ಲಿ ಹೋಯ್ತು? ಮಾಯ ಆಯ್ತು ಅಂದವರು ಕೆಲವರು, ನೀರಾಯ್ತು ಅಂದವರು ಕೆಲವರು. ಎಲ್ಲರ ನಾಲಿಗೆಗೂ ಒಂದೊಂದು ಹನಿ ಬಿಟ್ಟರು. ಆಮೇಲೆ ತಟ್ಟೆಗೆ ಸುರಿದು ಬಿಸಿಲಿಗೆ ಇಟ್ಟರು. ಸಂಜೆಗೆ ನೀರು ಹೋಗಿ ತಟ್ಟೆಯಲ್ಲಿ ಬಿಳಿ ಹುಡಿ ಕೂತಿತ್ತು. ಕಾಣಲಿಲ್ಲ ಅಂದ ಮಾತ್ರಕ್ಕೆ ಹೋಗಿಲ್ಲ ಅಂತ ಮಕ್ಕಳೇ ಹೇಳಿದರು.

ಆಗ ಭವ್ಯ ಎದ್ದಳು. ಪಕ್ಕದ ಕೋಣೆಯಲ್ಲಿದ್ದ ನನಗೂ ಅವಳ ಗಂಟಲು ಕೇಳಿಸುತ್ತಿತ್ತು.

"ಮಿಸ್, ನಮ್ಮಪ್ಪಾಜಿ ಪೌಡ್ರು ಆಕ್ಸುತ್ತಲ್ಲ, ಅದೂ ಕಾಣಕಿಲ್ಲ. ಅದೂ ಬೆಲ್ಲದಲ್ಲೇ ಇರ್ತದಾ?"

"ನೀನೇನು ಅಂದ್ಕೊಂಡಿದ್ದೀಯ?"

"ಇರ್ತದೆ ಅನ್ಸುತ್ತೆ." ಕೂರುವ ಮುಂಚೆ ಅವಳೇ ಅಂದಳು, "ಅದ್ಕೇ ನಮ್ಮನೆ ಬೆಲ್ಲ ಬ್ಯಾರೆ ಮಾಡೋದು."

ಇದು ಹೊರಗಿನವರಿಗೆ ಗೊತ್ತಿರುವುದಿಲ್ಲ. ಆಲೆಮನೆ ಇರುವ ಎಷ್ಟೋ ಮನೆಗಳಲ್ಲಿ ಮನೆಮಂದಿಗೆ ಅಂತ ಒಂದು ಕೊಪ್ಪರಿಗೆ ಪಾಕ ಬೇರೆ ತೆಗೆಯುತ್ತಾರೆ. ಅದಕ್ಕೆ ಪುಡಿ ಬೀಳುವುದಿಲ್ಲ. ಕಪ್ಪಗೆ ಇರುತ್ತದೆ, ರುಚಿ ಹೆಚ್ಚು. ಭವ್ಯನ ಅಜ್ಜಿ ಅದನ್ನು ಮಡಕೆಯಲ್ಲಿ ಮಡಗಿ ಬಾಯಿಗೆ ಬಟ್ಟೆ ಕಟ್ಟುತ್ತಿದ್ದಳು. ಮಾರೋದು ಹಳದಿ, ತಿನ್ನೋದು ಕಪ್ಪು. ಊರಲ್ಲಿ ಎಲ್ಲರಿಗೂ ಗೊತ್ತು, ಯಾರೂ ಆಡುವುದಿಲ್ಲ. ಒಂದು ಮಗು ಉಪ್ಪು ನೀರು ನೆಕ್ಕಿ ಅದನ್ನು ಆಡಿಬಿಟ್ಟಿತು.

ಮಿಸ್ಸು ಅವಳಿಗೆ, "ನನಗೂ ಸರಿಯಾಗಿ ಗೊತ್ತಿಲ್ಲ, ತಿಳ್ಕೊಂಡು ಹೇಳ್ತೀನಿ" ಅಂದರಂತೆ. ಅಲ್ಲಿಗೆ ಮುಗಿಯಬೇಕಿತ್ತು.

ಮುಗಿಯಲಿಲ್ಲ. ಜನವರಿ ಇಪ್ಪತ್ತಾರು ಬಂತು. ಬಾವುಟ ಹಾರಿಸಿದ ಮೇಲೆ ಮಕ್ಕಳಿಗೆ ಸಿಹಿ ಪೊಂಗಲ್ ಕೊಡುವುದು ನಮ್ಮ ಶಾಲೆಯ ಪದ್ಧತಿ, ಬೆಲ್ಲ ಅಧ್ಯಕ್ಷರ ಮನೆಯದು. ಅವರೇ ನಿಂತು ಬಡಿಸುತ್ತಿದ್ದರು. ಭವ್ಯನ ಎಲೆಗೆ ಬಂದಾಗ ಅವಳು ಕೈ ಅಡ್ಡ ಇಟ್ಟಳು.

"ಯಾಕವ್ವ? ಉಣ್ಣು."

"ನಂಗ್ ಬ್ಯಾಡ. ಇದು ಮಾರೋ ಬೆಲ್ಲ."

ಅವಳು ಅದನ್ನು ಸಿಟ್ಟಿನಿಂದ ಹೇಳಲಿಲ್ಲ, ಚಳಿ ಇದೆ ಅನ್ನುವ ಹಾಗೆ ಹೇಳಿದಳು. ಪಕ್ಕದಲ್ಲಿ ಕೂತಿದ್ದ ಹುಡುಗಿ ಬಾಯಿಗೆ ಹಾಕಿಕೊಂಡಿದ್ದನ್ನು ವಾಪಸ್ಸು ಎಲೆಗೆ ಬಿಟ್ಟಳು. ಸಾಲಿನಲ್ಲಿ ಒಂದೊಂದೇ ಕೈ ನಿಂತಿತು. ಹಿಂದೆ ನಿಂತಿದ್ದ ಊರಿನವನೊಬ್ಬ, "ಏನ್ ಅದ್ಯಕ್ಸರೇ, ನಿಮ್ ಮಗ್ಳೇ ತಿನ್ನಾಕಿಲ್ಲ ಅಂತದೆ?" ಅಂತ ಕಿಸಕ್ಕೆಂದ. ಯಜಮಾನರ ಕಿವಿ ಕೆಂಪಾಯಿತು. ಸೌಟು ಪಾತ್ರೆಗೆ ಹಾಕಿ ನಡೆದುಬಿಟ್ಟರು.

ಮಾರನೆಯ ದಿನ ಹೆಡ್‌ಮೇಷ್ಟ್ರ ಕೋಣೆಯಲ್ಲಿ ಪಂಚಾಯಿತಿ. ನಾನೂ ಅಲ್ಲಿದ್ದೆ. ಯಜಮಾನರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ಮೇಡಮ್ಮೋರೇ, ನೀವು ಅಂಗ್ಡೀಲಿ ಯಾವ್ ಬೆಲ್ಲ ತಗತೀರಿ?"

"ಹಳದೀದೇ," ಅಂದರು ಮಿಸ್ಸು.

"ಕಪ್ಪಂದು ಕೊಟ್ರೆ?"

"ಇಷ್ಟು ದಿನ ತಗೊಳ್ತಿರಲಿಲ್ಲ."

"ನೋಡಿ. ಕಪ್ ಬೆಲ್ಲ ಮಂಡಿಗ್ ತಗಂಡೋದ್ರೆ ಗಾಡಿ ಇಳುಸ್ಬ್ಯಾಡ ಅಂತಾರೆ. ನಂಗೂ ಪೌಡ್ರು ಆಕೋಕೆ ಆಸೆಯಾ? ನಿಮ್ಮಂತೋರು ಅಳದಿ ಕೇಳ್ತೀರಿ, ನಾವ್ ಅಳದಿ ಮಾಡ್ತೀವಿ. ಈಗ ನನ್ ಮಗ್ಳೇ ನನ್ನ ಇಸ ಆಕೋನು ಅನ್ನೋ ಅಂಗೆ ನೋಡ್ತದೆ." ಹೇಳಿ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡರು.

ಮಿಸ್ಸು ಅದಕ್ಕೆ, ಸಮಾಧಾನ ಮಾಡುವುದಕ್ಕೆ ಅಂತಲೇ, ಏನಂದರು ಗೊತ್ತಾ? "ನೀವು ಬೇಜಾರು ಮಾಡ್ಕೋಬೇಡಿ. ಮಂಡ್ಯದ ವಿ.ಸಿ. ಫಾರಂ ಕೃಷಿ ಕಾಲೇಜಲ್ಲಿ ಯಾರಾದರೂ ವಿಜ್ಞಾನಿಗಳನ್ನ ಕೇಳ್ತೀನಿ. ನಿಮ್ಮ ಬೆಲ್ಲ ಒಂದು ಅಚ್ಚು ಕೊಡಿ, ಪುಡಿ ಎಷ್ಟು ಉಳಿದಿರುತ್ತೆ ಅಂತ ಪರೀಕ್ಷೆ ಮಾಡಿಸೋಣ. ಮಗುವಿಗೂ ಸರಿಯಾದ ಉತ್ತರ ಸಿಗುತ್ತೆ."

ಹೆಡ್‌ಮೇಷ್ಟ್ರು ಹಣೆ ಹಿಡಿದುಕೊಂಡರು. ನಾನು ಮಿಸ್ಸಿನ ಸೆರಗು ಎಳೆದೆ. ಅವರು ನಿಜವಾಗಿಯೂ ಸಹಾಯ ಮಾಡುತ್ತಿದ್ದೇನೆ ಅಂದುಕೊಂಡಿದ್ದರು. ಯಜಮಾನರಿಗೆ ಕೇಳಿಸಿದ್ದು ಬೆದರಿಕೆ.

"ಪರೀಕ್ಸೆ ಮಾಡುಸ್ತೀರಾ," ಅಂದರು, ಮೆಲ್ಲಗೆ. ಆಮೇಲೆ ಹೆಡ್‌ಮೇಷ್ಟ್ರ ಕಡೆ ತಿರುಗಿ, "ಸಾ, ಸನಿವಾರ ಮಕ್ಕಳ್ನೆಲ್ಲ ಕೂರ್ಸಿ. ಪೌಡ್ರೆಲ್ಲ ಆವೀಲಿ ಓಯ್ತದೆ, ಬೆಲ್ಲದಲ್ಲಿ ಏನೂ ಇರಾಕಿಲ್ಲ ಅಂತ ಈಯಮ್ಮ ಏಳ್ಲಿ. ಏಳುದ್ರೆ ಸರಿ. ಇಲ್ದಿದ್ರೆ ಈಯಮ್ಮ ಯಾವ್ ಇಸ್ಕೂಲ್ಗೆ ಓಗ್ಬೇಕು ಅಂತ ನಾನು ನೋಡ್ಕತೀನಿ" ಅಂದರು.

ಸಂಜೆ ಬಸ್ಸಿನಲ್ಲಿ ನಾನು ಅವರ ಪಕ್ಕ ಕೂತೆ. ಹೇಳಿಬಿಡಿ ಮೇಡಂ ಅಂದೆ. ಘಾಟು ಬಂತಲ್ಲ, ಪುಡಿ ಸ್ವಲ್ಪವಾದರೂ ಆವಿಯಲ್ಲಿ ಹೋಗುವುದು ನಿಜ ತಾನೆ, ಅದನ್ನೇ ಹೇಳಿ, ಸುಳ್ಳೂ ಆಗುವುದಿಲ್ಲ. ದೂರದ ಶಾಲೆಗೆ ಹಾಕಿದರೆ ಮನೆಯಲ್ಲಿ ಮಲಗಿರುವವರನ್ನು ಯಾರು ನೋಡುತ್ತಾರೆ? ಅವರು ಕಿಟಕಿಯ ಆಚೆ ನೋಡುತ್ತಿದ್ದರು. ಕಬ್ಬಿನ ಲಾರಿಗಳ ಸಾಲು, ಬಸ್ಸು ತೆವಳುತ್ತಿತ್ತು.

"ಅರ್ಧ ನಾನು ಹೇಳ್ತೀನಿ. ಇನ್ನರ್ಧ ಅವಳಿಗೆ ಯಾರು ಹೇಳ್ತಾರೆ?" ಅಂದರು.

"ದೊಡ್ಡವಳಾದ ಮೇಲೆ ಅವಳೇ ತಿಳ್ಕೋತಾಳೆ."

"ಆಗ ನಾನು ಹೇಳಿದ್ದು ಅರ್ಧ ಅಂತಾನೂ ತಿಳ್ಕೋತಾಳೆ."

ನನಗೆ ಸಿಟ್ಟು ಬಂದು ಮದ್ದೂರಿನವರೆಗೂ ಮಾತಾಡಲಿಲ್ಲ. ಈಗಲೂ ಹೇಳುತ್ತೇನೆ, ಬೆಲ್ಲದ ಪುಡಿ ವಿಷಯಕ್ಕೆ ಯಾರಾದರೂ ಇಷ್ಟು ಹಟ ಮಾಡುತ್ತಾರಾ?

ಶನಿವಾರ ಬೆಳಗ್ಗೆ ಮಕ್ಕಳನ್ನು ಮೈದಾನದಲ್ಲಿ ಕೂರಿಸಿದರು. ಯಜಮಾನರು ಕುರ್ಚಿಯಲ್ಲಿ, ಸಮಿತಿಯವರು ಹಿಂದೆ. ಮಿಸ್ಸು ಎದ್ದು ನಿಂತರು. ಸೆರಗಿನ ತುದಿ ಮುದುರಿ ಮುಷ್ಟಿಯಲ್ಲಿ ಹಿಡಿದುಕೊಂಡಿದ್ದರು.

"ಭವ್ಯ ಒಂದು ಪ್ರಶ್ನೆ ಕೇಳಿದ್ದಳು. ಅದು ಒಳ್ಳೇ ಪ್ರಶ್ನೆ. ಪಾಕಕ್ಕೆ ಹಾಕಿದ ಪುಡಿ ಒಂದಷ್ಟು ಗಾಳಿಗೆ ಹೋಗುತ್ತೆ, ನಮಗೆ ಘಾಟು ಬಂದಿದ್ದು ಅದಕ್ಕೇ. ಒಂದಷ್ಟು ಬೆಲ್ಲದಲ್ಲೇ ಉಳಿಯುತ್ತೆ. ಎಷ್ಟು ಅಂತ ನನಗೆ ಗೊತ್ತಿಲ್ಲ. ಅಧ್ಯಕ್ಷರು ಬೇಕಂತ ಕೆಟ್ಟದ್ದು ಮಾಡ್ತಿಲ್ಲ. ನಾವೆಲ್ಲ ಅಂಗಡಿಯಲ್ಲಿ ಹಳದಿ ಬೆಲ್ಲ ಕೇಳ್ತೀವಿ, ನಾನೂ ಕೇಳ್ತೀನಿ. ತಪ್ಪಿದ್ದರೆ ನಮ್ಮೆಲ್ಲರದೂ ಇದೆ."

ಹೇಳಿ ಕೂತುಬಿಟ್ಟರು. ಹೆಡ್‌ಮೇಷ್ಟ್ರು ನೆಲ ನೋಡುತ್ತಿದ್ದರು. ಯಜಮಾನರು ಎದ್ದರು. ಮಕ್ಕಳ ಕಡೆ ತಿರುಗಿ, "ಮಕ್ಳಾ, ಮೇಡಮ್ಮೋರು ಪುಸ್ತಕ ಓದವ್ರೆ. ನಾನು ನಮ್ಮಪ್ಪನ ಕಾಲ್ದಿಂದ ಕೊಪ್ಪರಿಗೆ ಮುಂದೆ ನಿಂತಿವ್ನಿ. ಪೌಡ್ರು ಎಲ್ಲಾ ಆವಿ ಆಗೋಯ್ತದೆ. ಏನೂ ಉಳಿಯಾಕಿಲ್ಲ" ಅಂದರು. ಆಮೇಲೆ ಸಾಲಿನಲ್ಲಿ ಮಗಳನ್ನು ಹುಡುಕಿ, "ಎದ್ದೇಳವ್ವ. ನೀನೇ ದಿನಾ ನೋಡ್ತೀಯಲ್ಲ, ಎಲ್ಲಾ ಓಯ್ತದೆ ತಾನೆ?" ಅಂತ ಕೇಳಿದರು.

ಭವ್ಯ ಎದ್ದು ನಿಂತಳು. ಅಪ್ಪನ ಮುಖ ನೋಡಲಿಲ್ಲ, ಮಿಸ್ಸಿನ ಮುಖ ನೋಡಿದಳು. ನೋಡುತ್ತಲೇ ಇದ್ದಳು. ನಮಗೆಲ್ಲ ಗೊತ್ತಿತ್ತು, ಈಗ ಮಿಸ್ಸು ಒಂದು ಮಾತು ಅಂದರೆ, ನೀನೇನು ಅಂದ್ಕೊಂಡಿದ್ದೀಯ ಅಂತ ಒಂದು ಸಲ ಕೇಳಿದರೆ, ಹುಡುಗಿ ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತಾಳೆ.

ಅವರು ಕೇಳಲಿಲ್ಲ. ಕಣ್ಣು ಕೆಳಗೆ ಹಾಕಿಕೊಂಡರು.

"ಊಂ ಅಪ್ಪಾಜಿ. ಓಯ್ತದೆ," ಅಂದಳು ಭವ್ಯ.

ಯಜಮಾನರು ಚಪ್ಪಾಳೆ ಹೊಡೆಸಿದರು. ಮಕ್ಕಳು ಹೊಡೆದವು.

ಫೆಬ್ರವರಿ ಮುಗಿಯುವ ಮುಂಚೆ ಮಿಸ್ಸಿಗೆ ಮಳವಳ್ಳಿಯ ಆಚೆ ಒಂದು ಶಾಲೆಗೆ ನಿಯೋಜನೆ ಆಯಿತು. ಅಲ್ಲಿಗೆ ಬೆಳಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು. ಕಾರಣ ಏನು ಅಂತ ಯಾರೂ ಹೇಳಲಿಲ್ಲ, ನಾನೂ ಇಂಥವರೇ ಮಾಡಿಸಿದರು ಅಂತ ಆಣೆ ಮಾಡಿ ಹೇಳಲಾರೆ. ಕೊನೆಯ ದಿನ ಇಬ್ಬರೂ ಮದ್ದೂರು ಬಸ್‌ಸ್ಟಾಂಡಿನಲ್ಲಿ ನಿಂತಿದ್ದಾಗ ನಾನು ಕೇಳಿದೆ. ನಿಮ್ಮ ಕೆಲಸಕ್ಕೆ ಸಂಚಕಾರ ಬಂದರೂ ನಿಮ್ಮ ಮಾತು ನೀವು ಹೇಳಿದ್ರಿ, ಹುಡುಗಿಯನ್ನು ಮಾತ್ರ ಯಾಕೆ ಹಾಗೆ ಬಿಟ್ರಿ?

"ಅವಳು ಸಾಯಂಕಾಲ ಹೋಗಬೇಕಾದ್ದು ಅದೇ ಮನೆಗೆ," ಅಂದರು. "ನಾನು ಹೇಳಿದರೆ ನನಗೆ ಬಸ್ಸು ದೂರ ಆಗುತ್ತೆ. ಅವಳು ಹೇಳಿದರೆ ಅವಳಿಗೆ ಅಪ್ಪ ದೂರ ಆಗ್ತಾರೆ. ಹತ್ತು ವರ್ಷದ ಮಗು. ಅದರ ಕೈಲಿ ಹೇಳಿಸೋಕೆ ನನಗೆ ಮನಸ್ಸು ಬರಲಿಲ್ಲ."

ನನಗೆ ಅವತ್ತು ಮೊದಲನೇ ಸಲ ಆ ಹೆಂಗಸಿನ ಮೇಲೆ ಪ್ರೀತಿ ಬಂತು. ಬಸ್ಸು ಬಂತು, ಹತ್ತಿ ಹೋದರು. ಆಮೇಲೆ ಮಲಗಿದ್ದ ಅವರ ಗಂಡ ತೀರಿಕೊಂಡರು. ನಿವೃತ್ತಿಯಾಗುವವರೆಗೂ ಅವರು ಆ ದೂರದ ಶಾಲೆಯಲ್ಲೇ ಇದ್ದರು. ಅಲ್ಲಿಯೂ ಮಕ್ಕಳನ್ನು ಮೈದಾನದಲ್ಲಿ ಓಡಿಸುತ್ತಾರೆ ಅಂತ ಯಾರೋ ಹೇಳಿದ್ದರು. ನಮ್ಮ ಶಾಲೆಗೆ ಮತ್ತೆ ಕಾಲಿಡಲಿಲ್ಲ.

ಭವ್ಯ ನನ್ನ ತರಗತಿಯಲ್ಲಿ ಇನ್ನೂ ಎರಡು ವರ್ಷ ಓದಿದಳು. ಹೇಳಿದ್ದನ್ನು ಹೇಳಿದ ಹಾಗೆ ಬರೆಯುತ್ತಿದ್ದಳು, ಒಳ್ಳೆಯ ಅಂಕ ಬರುತ್ತಿತ್ತು. ಪ್ರಶ್ನೆ ಇದ್ದರೆ ಕೇಳಿ ಅಂದಾಗ ಕಿಟಕಿ ನೋಡುತ್ತಿದ್ದಳು. ವಯಸ್ಸಿಗೆ ಬರುವ ಹುಡುಗಿಯರು ಹಾಗೇ ಅಂತ ನಾನು ಅಂದುಕೊಂಡೆ.

ಮೊನ್ನೆ ಗುತ್ತಲಿನಲ್ಲಿ ಮಿಸ್ಸಿನ ಮನೆಗೆ ಹೋಗಿ ಬಂದೆ. ಅದರ ಮಾರನೆಯ ದಿನ ಮದ್ದೂರು ಬಸ್‌ಸ್ಟಾಂಡಿನಲ್ಲಿ ಕಾಲೇಜು ಯೂನಿಫಾರಂ ಹಾಕಿದ ಉದ್ದ ಹುಡುಗಿಯೊಬ್ಬಳು ನಮಸ್ತೆ ಮಿಸ್ ಅಂದಳು. ಗುರುತು ಹತ್ತಲಿಲ್ಲ. ಭವ್ಯ. ಪಿಯುಸಿ, ಕಾಮರ್ಸು. ಅಪ್ಪ ಹೇಗಿದ್ದಾರೆ ಅಂದೆ, ಚೆನ್ನಾಗವ್ರೆ ಅಂದಳು. ಆಲೆಮನೆ? ನಡೀತಾ ಅದೆ ಅಂದಳು. ಅವಳ ಫೋನ್ ನಂಬರು ಕೇಳಿ ಬರೆದುಕೊಂಡೆ.

"ನಿಮ್ಮ ವಿಜ್ಞಾನದ ಮಿಸ್ಸು ಹೋಗ್ಬಿಟ್ರು ಕಣಮ್ಮ," ಅಂದೆ.

ಅವಳು ಅಳಲಿಲ್ಲ. ಬ್ಯಾಗಿನ ಪಟ್ಟಿ ಸರಿ ಮಾಡಿಕೊಂಡಳು. ನಾನು, ಅವಳಿಗೆ ಸಮಾಧಾನ ಆಗಲಿ ಅಂತ, ಮಿಸ್ಸು ಅವತ್ತು ಯಾಕೆ ಸುಮ್ಮನಾದರು ಅಂತ ನನಗೆ ಹೇಳಿದ್ದನ್ನು ಹೇಳಿದೆ. ನಿನಗೆ ಅಪ್ಪ ದೂರ ಆಗಬಾರದು ಅಂತ, ನಿನ್ನ ಒಳ್ಳೇದಕ್ಕೇ ಕಣಮ್ಮ, ಅಂತೆಲ್ಲ.

ಅವಳು ಕೇಳಿಸಿಕೊಂಡಳು. ಮಳವಳ್ಳಿ ಬಸ್ಸು ಬಂತು. ಹತ್ತುವ ಮುಂಚೆ ತಿರುಗಿ ಅಂದಳು.

"ನಾನ್ ಅವತ್ತು ಮಿಸ್ ಮುಕಾನೇ ನೋಡ್ತಾ ನಿಂತಿದ್ದೆ. ಒಂದ್ ಸಲ ಕೇಳುದ್ರೆ ಸಾಕಿತ್ತು, ಏಳ್ತಿದ್ದೆ. ಅಪ್ಪಾಜಿ ಒಡುದ್ರೂ ಸರಿ. ಅವರು ಕೇಳ್ಲಿಲ್ಲ. ನಂದೇ ತಪ್ಪು ಅಂದ್ಕಂಡೆ ಮಿಸ್, ಇಷ್ಟ್ ದಿನ."

ಬಸ್ಸು ಹೋಯಿತು. ನಾನು ಅಲ್ಲೇ ನಿಂತಿದ್ದೆ.

ಗುಂಪಿನಲ್ಲಿ ಈಗಲೂ ಕೈ ಮುಗಿದ ಚಿತ್ರಗಳು ಬರುತ್ತಿವೆ. ನನಗೆ ಏನು ಬರೆಯಬೇಕು ಅಂತ ಗೊತ್ತಾಗದೆ ಇಲ್ಲಿ ಬರೆದೆ. ಮಿಸ್ಸು ಕೇಳಬೇಕಿತ್ತಾ? ಕೇಳಿದ್ದರೆ ಆ ಮಗುವಿನ ಮನೆಯಲ್ಲಿ ಆ ದಿನ ಏನಾಗುತ್ತಿತ್ತು? ನಿಮ್ಮಲ್ಲಿ ಮೇಷ್ಟ್ರುಗಳಿದ್ದೀರಿ, ಮಗುವನ್ನು ಕಾಪಾಡುತ್ತೇನೆ ಅಂತ ಬಾಯಿ ಮುಚ್ಚಿಕೊಂಡವರಿರಬಹುದು. ಯಾರಾದರೂ ಒಂದು ಮಾತು ಕೇಳಲಿ ಅಂತ ಎದ್ದು ನಿಂತು, ಯಾರೂ ಕೇಳದೆ ಕೂತ ಮಕ್ಕಳೂ ಇರಬಹುದು, ಈಗ ದೊಡ್ಡವರಾಗಿದ್ದೀರಿ. ನಿಮಗೆ ಆಗಿದ್ದನ್ನು ಕೆಳಗೆ ಬರೆಯಿರಿ. ಹೊಗಳಿಕೆ ಬೇಡ, ಆಗಿದ್ದು ಹೇಳಿ. ಭವ್ಯನ ಫೋನ್ ನಂಬರು ನನ್ನ ಹತ್ತಿರ ಇದೆ, ನೀವು ಬರೆದದ್ದನ್ನು ಅವಳಿಗೆ ಓದಲು ಕಳಿಸುತ್ತೇನೆ.